ಮೊಣಕೈ ಆಳದ ನೀರು

ಬಸವನ ಬಾಗೇವಾಡಿಯಿಂದ ಮನಗೂಳಿಗೆ ಹೋಗುವ ಬಸ್ಸಿನಲ್ಲಿ ಪರಮಾನಂದನಿಗೆ ಅಪರೂಪಕ್ಕೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಆದರೆ ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ. ಜೋಳ ಕೊಯ್ದ ಕರಿ ಹೊಲ, ಅದರಾಚೆ ಇನ್ನೊಂದು ಕರಿ ಹೊಲ. ತುರ್ತುಪರಿಸ್ಥಿತಿಯ ಆ ವರ್ಷ ಬಸ್ಸುಗಳು ಹೇಳಿದ ಹೊತ್ತಿಗೆ ಬಿಡುತ್ತಿದ್ದುದರಿಂದ ಬಸ್ಸು ತಪ್ಪಿತೆಂಬ ನೆಪವೂ ಇರಲಿಲ್ಲ. ತೊಡೆಯ ಮೇಲೆ ಮರದ ಪೆಟ್ಟಿಗೆ. ಅದರೊಳಗೆ ಎರಡು ಗಾಜಿನ ನಳಿಗೆ, ನೀರು ತುಂಬಿಸುವ ಒಂದು ಖಾಲಿ ಬಾಟಲಿ, ಔಷಧದ ಒಂದು ಕಂದು ಬಾಟಲಿ, ತಿಳಿ ಹಳದಿಯಿಂದ ಕೇಸರಿಯವರೆಗೆ ಒಂಬತ್ತು ಬಣ್ಣದ ಗಾಜಿನ ಬಿಲ್ಲೆಗಳು. ನೀರಿಗೆ ಐದು ಹನಿ ಔಷಧ ಹಾಕಿದರೆ ನೀರು ಹಳದಿಯಾಗುತ್ತದೆ. ಆ ಹಳದಿಯನ್ನು ಬಿಲ್ಲೆಗಳಿಗೆ ಹೋಲಿಸಿದರೆ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ಗೊತ್ತಾಗುತ್ತದೆ. ಇಷ್ಟೇ ಕೆಲಸ. ಎಂಟನೆಯ ಇಯತ್ತೆಯ ಹುಡುಗರೂ ಮಾಡಬಹುದಾದ ಈ ಕೆಲಸವನ್ನು ತಾನು ಹದಿನಾಲ್ಕು ಭಾನುವಾರ ತಪ್ಪಾಗಿ ಮಾಡಿಕೊಂಡು ಬಂದಿದ್ದೇನೆ, ಗೊತ್ತಿದ್ದೂ ಮಾಡಿಕೊಂಡು ಬಂದಿದ್ದೇನೆ ಎಂಬುದು ಮೊನ್ನೆ ಸೋಮವಾರ ಪಾಠ ಮಾಡುತ್ತಿದ್ದಾಗ ಥಟ್ಟನೆ ಎದುರಿಗೆ ಬಂದು ನಿಂತಂತಾಗಿ, ಬೋರ್ಡಿನ ಮೇಲೆ ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟಿದ್ದ. ಹುಡುಗರು ಅರ್ಧ ವಾಕ್ಯವನ್ನೇ ಬರೆದುಕೊಂಡರು.

ಮನಗೂಳಿಯ ಸಂಗನಬಸಪ್ಪ ಸಾವಕಾರರ ತೋಟದ ಮನೆಯಲ್ಲಿ ಈಜುಕೊಳ ಇದೆ ಎಂದರೆ ವಿಜಾಪುರದವರೂ ಮೊದಲು ನಂಬಿರಲಿಲ್ಲ. ಊರವರು ಅದನ್ನು ಟಾಕಿ ಎನ್ನುತ್ತಿದ್ದರು. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ತಳಕ್ಕೆಲ್ಲ ಬಿಳಿ ಫರಸಿಯ ಹಾಸುಗಲ್ಲು. ಸಾವಕಾರರ ಮನೆತನದಲ್ಲಿ ಈಜು ಬಲ್ಲವರು ಒಬ್ಬರೂ ಇರಲಿಲ್ಲ. ಅವರ ಹೆಂಡತಿ ಗುರಲಿಂಗವ್ವನಿಗೆ ಲಕ್ವಾ ಹೊಡೆದು ಎಡಗಾಲು ಬಿದ್ದುಹೋದಾಗ ಮಿರಜಿನ ಡಾಕ್ಟರು, ನೀರಿನೊಳಗೆ ನಿಂತು ದಿನಾ ಒಂದು ತಾಸು ಕಾಲಾಡಿಸಿದರೆ ನಡೆದಾರು ಎಂದಿದ್ದರು. ಸಾವಕಾರರು ಹೆಂಡತಿಯನ್ನು ಬಾವಿಗೆ ಇಳಿಸುವುದು ಹೇಗೆಂದು ಎರಡು ದಿನ ಯೋಚಿಸಿ, ಮೂರನೆಯ ದಿನ ಸೊಲ್ಲಾಪುರಕ್ಕೆ ಹೋಗಿ ಫರಸಿ ಆರಿಸಿಕೊಂಡು ಬಂದರು. ನೀರು ತುಂಬಿದ ಮೇಲೆ ಅದು ಹದಿನೈದು ದಿನಕ್ಕೆ ಪಾಚಿಗಟ್ಟಿತು. ಸಾವಕಾರರು ಬಾಗೇವಾಡಿಯ ಹೈಸ್ಕೂಲಿನ ಆಡಳಿತ ಮಂಡಳಿಯಲ್ಲಿ ಇದ್ದವರು. ನೀರಿನ ಶಾಸ್ತ್ರ ಬಲ್ಲವರನ್ನು ಕಳಿಸಿ ಎಂದು ಹೆಡ್‌ಮಾಸ್ತರರಿಗೆ ಹೇಳಿದರು. ಹೆಡ್‌ಮಾಸ್ತರರು ವಿಜ್ಞಾನದ ಮಾಸ್ತರ ಪರಮಾನಂದನನ್ನು ಕರೆದು, ಒಂದು ಕ್ಷಣ ಅವನ ಮುಖವನ್ನೇ ನೋಡಿ, 'ಹೋಗ್ರಿ, ಏನೂ ಆಗಂಗಿಲ್ಲ' ಎಂದರು. ಏನು ಆಗುವುದಿಲ್ಲ ಎಂಬುದನ್ನು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಸಾವಕಾರರು ಮಾತ್ರ ಮೊದಲ ದಿನವೇ ಆ ಮಾತನ್ನು ತಾವಾಗಿ ಎತ್ತಿ ಮುಗಿಸಿಬಿಟ್ಟಿದ್ದರು. 'ನೋಡ್ರಿ ಮಾಸ್ತರ, ನಮ್ಮ ಸೀಮಿಯೊಳಗ ಅದೆಲ್ಲಾ ಎಂಟನೂರು ವರ್ಷದ ಹಿಂದs ಮುಗದೈತಿ. ನೀವು ಸಂಕೋಚ ಮಾಡ್ಕೋಬ್ಯಾಡ್ರಿ.' ಅವರು ಅಂದದ್ದು ಮನಸ್ಸಿನಿಂದಲೇ. ಅವನನ್ನು ಕುರ್ಚಿಯ ಮೇಲೆ ಕೂರಿಸಿದರು, ತಾವೂ ಎದುರಿಗೆ ಕೂತರು. ಪೆಟ್ಟಿಗೆಯ ಜೊತೆ ಬಂದಿದ್ದ ಇಂಗ್ಲಿಷ್ ಕಾಗದವನ್ನು ಓದಿ ಹೇಳಿ ಎಂದರು. ಅವನು ಒಂದೊಂದೇ ಸಾಲು ಕನ್ನಡಕ್ಕೆ ಹೇಳುತ್ತ ಹೋದ: ನೀರನ್ನು ಕೊಳದ ಗೋಡೆಯಿಂದ ದೂರ ತೆಗೆದುಕೊಳ್ಳಬೇಕು, ತೆಗೆದ ಕೂಡಲೇ ಪರೀಕ್ಷೆ ಮಾಡಬೇಕು. ನಡುವೆ ಒಂದು ಸಾಲಿತ್ತು. ಬಾಟಲಿಯನ್ನು ಬೋರಲು ಹಿಡಿದು, ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಸಿ, ಅಲ್ಲಿ ಬಾಟಲಿಯನ್ನು ಮೇಲ್ಮುಖ ಮಾಡಿ ತುಂಬಿಸಬೇಕು. ಮೇಲ್ಪದರದ ನೀರು ಬಿಸಿಲಿಗೆ ಔಷಧ ಕಳೆದುಕೊಂಡಿರುತ್ತದೆ, ಅದು ನಂಬಿಕೆಗೆ ಅರ್ಹವಲ್ಲ. ಆ ಸಾಲು ಬಂದಾಗ ಅವನ ಕಣ್ಣು ಅದರ ಮೇಲೆ ಒಂದು ಸಲ ನಿಂತಿತು, ಬಾಯಿ ಮುಂದಿನ ಸಾಲಿಗೆ ಹೋಯಿತು. ಯಾರೂ ಬೇಡ ಎಂದಿರಲಿಲ್ಲ. ಬೇಡ ಎನ್ನಲು ಅವರಿಗೆ ಅವಕಾಶವೇ ಸಿಗದಂತೆ ಅವನೇ ನೋಡಿಕೊಂಡ. ಆಮೇಲೆ ಕೊಳದ ದಂಡೆಗೆ ಹೋಗಿ ಬಾಟಲಿ ಹಿಡಿದು ಬಗ್ಗಿದಾಗ ಮನೆಯ ಆಳು ಅಮಸಿದ್ದ ಓಡಿಬಂದು, 'ನೀವ್ಯಾಕ ತ್ರಾಸ ತಗೋತೀರಿ ಮಾಸ್ತರ್ರ, ಸರೀರಿ, ನಾ ತುಂಬಿ ಕೊಡ್ತೇನಿ' ಎಂದ. ಸಾವಕಾರರು ಆಗ ನಿಂಬೆಯ ಗಿಡಗಳ ಕಡೆ ನೋಡುತ್ತಿದ್ದರು. ಗಿಡಗಳಲ್ಲಿ ನೋಡುವಂಥದ್ದು ಏನಾದರೂ ಇದ್ದಿರಲೂ ಸಾಕು.

ಮುಂದಿನ ಭಾನುವಾರದಿಂದ ಅವನು ದಂಡೆಗೆ ಹೋಗುವ ಕೆಲಸವೇ ಉಳಿಯಲಿಲ್ಲ. ಅವನು ಬರುವ ಹೊತ್ತಿಗೆ ಪಡಸಾಲೆಯಲ್ಲಿ ಮೇಜು, ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ, ಅದರ ಪಕ್ಕ ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿದ ತಾಮ್ರದ ಕೊಡದಲ್ಲಿ ಕೊಳದ ನೀರು ಸಿದ್ಧವಾಗಿರುತ್ತಿತ್ತು. ಅಮಸಿದ್ದ ಬೆಳಿಗ್ಗೆ ಆರಕ್ಕೇ, ದನ ಬಿಡುವ ಮೊದಲು, ಮೇಲಿನ ನೀರನ್ನು ಮೊಗೆದು ಇಟ್ಟಿರುತ್ತಿದ್ದ. ಪರಮಾನಂದ ಬರುತ್ತಿದ್ದುದು ಹನ್ನೊಂದಕ್ಕೆ. ಅಮಸಿದ್ದ ಕೊಡ ಎತ್ತಿ ಮೇಲಿನಿಂದ ಸಣ್ಣಗೆ ಸುರಿಯುತ್ತಿದ್ದ, ಪರಮಾನಂದ ನಳಿಗೆಯನ್ನು ಕೆಳಗೆ ಹಿಡಿಯುತ್ತಿದ್ದ. ಒಂದು ಹನಿಯೂ ಹೊರಗೆ ಬೀಳುತ್ತಿರಲಿಲ್ಲ. ಮೇಲ್ಪದರದ ನೀರು, ಐದು ತಾಸು ತಾಮ್ರದಲ್ಲಿ ಕೂತ ನೀರು, ಮೇಲೆ ಹುಣಸೆಯ ಹುಳಿ. ಅದರಲ್ಲಿ ಕ್ಲೋರಿನ್ ಉಳಿಯುವುದಾದರೂ ಹೇಗೆ? ಐದು ಹನಿ ಹಾಕಿದರೆ ನಳಿಗೆಯ ನೀರು ಬಣ್ಣ ತಿರುಗದೆ ಹಾಗೇ ಇರುತ್ತಿತ್ತು. ಅವನು ವಹಿಯಲ್ಲಿ ಸೊನ್ನೆ ಎಂದು ಬರೆಯುತ್ತಿದ್ದ. ಸೊನ್ನೆ ಎಂದರೆ ಔಷಧ ಸಾಲದು, ಸಾಲದಿದ್ದರೆ ಇನ್ನೂ ಹಾಕಬೇಕು. ಆ ವಾರ ಬ್ಲೀಚಿಂಗ್ ಪೌಡರ್ ಅರ್ಧ ಡಬ್ಬಿ ಹೆಚ್ಚು, ಮುಂದಿನ ವಾರ ಇನ್ನರ್ಧ. ದಿನಾ ನೀರಿಗೆ ಇಳಿಯುತ್ತಿದ್ದ ಗುರಲಿಂಗವ್ವ ಕಣ್ಣು ಉರಿಯುತ್ತದೆ ಎನ್ನತೊಡಗಿದ್ದಳು. ಪಡಸಾಲೆಯಲ್ಲಿ ಕೂತವನ ಮೂಗಿಗೆ ಐವತ್ತು ಹೆಜ್ಜೆ ದೂರದ ಕೊಳದ ಘಾಟು ಹೊಡೆಯುತ್ತಿತ್ತು. ಮೂಗು ಒಂದು ಹೇಳುತ್ತಿತ್ತು, ನಳಿಗೆ ಇನ್ನೊಂದು. ಅವನು ವಿಜ್ಞಾನದವನು, ನಳಿಗೆಯ ಮಾತನ್ನೇ ಬರೆದುಕೊಂಡ.

ನಳಿಗೆ ಹಿಡಿಯುವ ಕೈ ಅವನದಾಗಿದ್ದರೂ ಹಿಡಿಯುವ ರೀತಿ ಅವ್ವನದು. ಮುದ್ದೇಬಿಹಾಳದ ಕಡೆಯ ಆ ಹಳ್ಳಿಯಲ್ಲಿ ಅವರ ಕೇರಿಯವರು ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅವ್ವ ಹನಮವ್ವ ಕೊಡವನ್ನು ಕಟ್ಟೆಯ ಕೆಳಗಿಟ್ಟು ನಿಲ್ಲುತ್ತಿದ್ದಳು, ಬಂದವರಲ್ಲಿ ಯಾರಿಗೆ ಮನಸ್ಸಾಗುತ್ತದೋ ಅವರು ಮೇಲಿನಿಂದ ಸುರಿಯುತ್ತಿದ್ದರು. ಅವಳು ಊರಿನ ಹೆಂಗಸರನ್ನು ಅಳೆಯುತ್ತಿದ್ದುದೇ ಹಾಗೆ: 'ಆಕಿ ಛಲೋ ಸುರೀತಾಳ', 'ಈಕಿ ಭಾಳ ಸಿಡಿಸ್ತಾಳ'. ಬೇರೆ ದೂರು ಇರಲಿಲ್ಲ. ಒಂದು ದಿನ ಅವಳಿಗೆ ಜ್ವರ ಬಂದು ಏಳು ವರ್ಷದ ಪರಮಾನಂದನೇ ಕೊಡ ಹಿಡಿದುಕೊಂಡು ಹೋಗಿದ್ದ. ಒಂದು ಹನಿಯೂ ಚೆಲ್ಲದೆ ಹಿಡಿದದ್ದನ್ನು ನೋಡಿ ಮೇಲಿದ್ದ ಮುದುಕಿ, 'ಶಾಣ್ಯಾ ಅದಾನ ಹುಡುಗ' ಎಂದಿದ್ದಳು. ಆ ಹೊಗಳಿಕೆಗೆ ಅವನು ಹಿಗ್ಗಿದ್ದ, ಮನೆಗೆ ಬಂದು ಅವ್ವನಿಗೆ ಹೇಳಿದ್ದ. ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರ ತೆಗೆದುಕೊಂಡದ್ದಕ್ಕೆ ಪ್ರೊಫೆಸರರು ಏನೇನೋ ಕಾರಣ ಊಹಿಸಿಕೊಂಡಿದ್ದರು. ನಿಜವೆಂದರೆ ವಿಜಾಪುರದ ಆ ಲ್ಯಾಬಿನಲ್ಲಿ ಪ್ರತಿ ಮೇಜಿಗೂ ಒಂದು ನಲ್ಲಿ ಇತ್ತು, ಯಾರು ಬೇಕಾದರೂ ತಿರುವಬಹುದಿತ್ತು. ತನ್ನ ಕೈಯಿಂದಲೇ ನಲ್ಲಿ ತಿರುವಿ ತುಂಬಿಸಿಕೊಂಡ ನೀರಿನ ಲೆಕ್ಕ ಅವನಿಗೆ ಎಂದೂ ತಪ್ಪಿರಲಿಲ್ಲ.

ಬಸ್ಸು ಮನಗೂಳಿಯಲ್ಲಿ ನಿಂತಿತು. ತೋಟದ ಮನೆಗೆ ಒಂದು ಮೈಲಿ. ಇವತ್ತು ಹೇಳಿಬಿಡಬೇಕು ಎಂದುಕೊಂಡು ನಡೆದ. ಏನೆಂದು ಹೇಳುವುದು? ನೀರು ತೆಗೆಯುವ ರೀತಿ ತಪ್ಪು ಎಂದರೆ, ಹಾಗಾದರೆ ಸರಿಯಾದ ರೀತಿ ಹೇಳಿ, ಅಮಸಿದ್ದ ಮಾಡುತ್ತಾನೆ ಎನ್ನುತ್ತಾರೆ. ಅಮಸಿದ್ದನಿಂದ ಆಗುವುದಿಲ್ಲ, ನಾನೇ ಕೈ ಅದ್ದಬೇಕು ಎಂದರೆ ಸಾವಕಾರರು ಒಂದು ಕ್ಷಣ ಸುಮ್ಮನಾಗಬಹುದು. ಅವನಿಗೆ ಹೆದರಿಕೆ ಇದ್ದದ್ದು ಆ ಒಂದು ಕ್ಷಣಕ್ಕೆ. ಬೇಡ ಎಂದರೂ ತಡೆದುಕೊಳ್ಳಬಹುದಿತ್ತು. ಸುಮ್ಮನಾಗಿ, ಆಮೇಲೆ 'ಅದಕ್ಕೇನ್ರಿ, ಅದ್ದ್ರಿ' ಎಂದುಬಿಟ್ಟರೆ ಆ ನಡುವಿನ ಕ್ಷಣವನ್ನು ಎಲ್ಲಿ ಇಟ್ಟುಕೊಳ್ಳುವುದು? ಇದೊಂದು ಕ್ಷಣವನ್ನು ತಪ್ಪಿಸಿಕೊಳ್ಳಲು ಹದಿನಾಲ್ಕು ವಾರ ಒಬ್ಬ ಕಾಯಿಲೆಯ ಹೆಂಗಸಿನ ಕಣ್ಣಿಗೆ ಬ್ಲೀಚಿಂಗ್ ಪೌಡರಿನ ಸುಣ್ಣದ ನೀರು ಹಾಕಿಸಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೂ ನಡಿಗೆ ನಿಧಾನವೇ ಆಗುತ್ತಿತ್ತು.

ಪಡಸಾಲೆಯಲ್ಲಿ ಮೇಜು, ಬಟ್ಟೆ, ಕೊಡ. ಚಹಾ ಬಂತು, ನೀಲಿ ಅಂಚಿನ ಪಿಂಗಾಣಿ ಕಪ್ಪಿನಲ್ಲಿ. ಸಾವಕಾರರು ಸ್ಟೀಲಿನ ಲೋಟದಲ್ಲಿ ಕುಡಿಯುತ್ತಿದ್ದರು. ಪ್ರತಿ ವಾರವೂ ಹೀಗೇ. ಪಿಂಗಾಣಿ ಕಪ್ಪು ಮರ್ಯಾದೆಗೆಂದು ತೆಗೆದದ್ದೋ, ಬೇರೆ ಇಡಲಿಕ್ಕೆಂದು ತೆಗೆದದ್ದೋ ಹೇಳುವಂತಿರಲಿಲ್ಲ. ಈ ಮನೆಯಲ್ಲಿ ಎಲ್ಲದಕ್ಕೂ ಒಂದು ಒಳ್ಳೆಯ ಕಾರಣ ಇರುತ್ತಿತ್ತು. ಹೊರಗಿನ ಬಿಸಿಲಿನಲ್ಲಿ ಗಾಲಿ ಕುರ್ಚಿಯ ಮೇಲೆ ಗುರಲಿಂಗವ್ವ ಕೂತಿದ್ದಳು. ಆಗ ತಾನೇ ನೀರಿನಿಂದ ಎತ್ತಿ ಕೂರಿಸಿದ್ದರು. ಕಣ್ಣು ಮುಚ್ಚಿಕೊಂಡಿದ್ದಳು. ಮುಂಗೈ ಚರ್ಮ ಸಿಪ್ಪೆ ಎದ್ದಿತ್ತು.

'ಮಾಸ್ತರ್ರು ಬಂದ್ರೇನು?' ಎಂದು ಕಣ್ಣು ತೆರೆಯದೆ ಕೇಳಿದಳು.

'ಬಂದೇನ್ರಿ ಅವ್ವಾರ.'

'ಕಾಲು ಹಗರ ಆಗಾಕತ್ತೈತಿ ನೋಡ್ರಿ. ಮೊನ್ನೆ ನೀರಾಗ ನಾಕು ಹೆಜ್ಜಿ ಇಟ್ಟೆ. ಕಣ್ಣಷ್ಟs ಬಗಿಹರೀಲಿಲ್ಲ. ಮುಂಜಾನೆ ರೆಪ್ಪಿ ಅಂಟಿರ್ತಾವ, ಬಿಚ್ಚಾಕ ಬರಂಗಿಲ್ಲ. ವಿಜಾಪುರದ ಡಾಕ್ಟರು ನಿನ್ನೆ ಬಂದು ನೋಡಿದ್ರು. ಹಿಂಗs ಇನ್ನೊಂದು ತಿಂಗಳ ನಡದ್ರ ಕಣ್ಣಿಗೆ ಹೂವು ಬೀಳ್ತೈತಿ ಅಂದಾರ. ಹೂವು ಬಿದ್ದಮ್ಯಾಗ ಕಾಲು ಬಂದು ಏನು ಮಾಡ್ಲಿ? ಎಲ್ಲಿ ನಡೀಲಿ?'

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ, ಅಡುಗೆಯ ಮಾತಿನಂತೆ ಆಡಿದಳು. ಸಾವಕಾರರು ಕೆಮ್ಮಿದರು. 'ನೀರು ಸುದ್ದ ಆಗವಲ್ದಲ್ರಿ ಮಾಸ್ತರ. ಔಷಧ ಹಾಕಿದಷ್ಟೂ ಹಾಲು ಹಾಲು ಆಗಾಕತ್ತೈತಿ, ತಳದ ಫರಸಿ ಕಾಣೂದಿಲ್ಲ. ಈ ವಾರ ಎರಡು ಡಬ್ಬಿ ಜಾಸ್ತಿ ಹಾಕೂಣೇನು?'

ಅಮಸಿದ್ದ ಕೊಡ ಎತ್ತಿದ್ದ. ಪರಮಾನಂದನ ಕೈ ಅಭ್ಯಾಸದಿಂದ ನಳಿಗೆ ಹಿಡಿದಿತ್ತು. ಐದು ಹನಿ ಬಿದ್ದವು. ನೀರಿನ ಬಣ್ಣ ತಿರುಗಲಿಲ್ಲ. ಬಾಯಿಗೆ ಬಂದದ್ದು 'ಹಾಕ್ರಿ' ಎಂಬ ಮಾತೇ. ಅದನ್ನು ನುಂಗಿ, ನಳಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿ, ಪೆಟ್ಟಿಗೆಯನ್ನೂ ಖಾಲಿ ಬಾಟಲಿಯನ್ನೂ ಹಿಡಿದುಕೊಂಡು ಕೊಳದ ಕಡೆಗೆ ನಡೆದ. ಅಷ್ಟು ದೂರ ಅವನು ಏನನ್ನೂ ಯೋಚಿಸಲಿಲ್ಲ. ದಂಡೆಯ ಮೇಲೆ ಮೊಣಕಾಲೂರಿದ ಮೇಲೆ ಮಾತ್ರ ಎಲ್ಲ ಒಟ್ಟಿಗೆ ಬಂತು: ಹಿಂದೆ ಓಡಿಬರುತ್ತಿದ್ದ ಅಮಸಿದ್ದನ ಚಪ್ಪಲಿ ಸದ್ದು, ನಿಂಬೆ ಗಿಡಗಳು, ಹೆಡ್‌ಮಾಸ್ತರರ 'ಏನೂ ಆಗಂಗಿಲ್ಲ', ಅವ್ವನ ಕೊಡ. ಅಂಗಿಯ ತೋಳು ಮಡಚಬೇಕೆಂಬುದು ಹೊಳೆಯಲಿಲ್ಲ. ಬಾಟಲಿಯನ್ನು ಬೋರಲು ಹಿಡಿದು ಕೈ ಇಳಿಸಿದ. ನೀರು ಮೇಲೆ ಬೆಚ್ಚಗಿತ್ತು, ಒಂದು ಗೇಣು ಕೆಳಗೆ ತಣ್ಣಗಿತ್ತು. ಹಾಲಿನಂಥ ಆ ನೀರಿನಲ್ಲಿ ಮಣಿಕಟ್ಟು ಕಾಣದಾಯಿತು, ಆಮೇಲೆ ಮುಂಗೈ, ಆಮೇಲೆ ಮೊಣಕೈ. ಕೈ ಅಲ್ಲೇ ಇದ್ದುಬಿಡಲಿ ಎನ್ನುವಷ್ಟು ಹಿತವಾಗಿತ್ತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಬಾಟಲಿ ತಿರುಗಿಸಿದಾಗ ಗುಳುಗುಳು ಎಂದು ತುಂಬಿತು. ಅಮಸಿದ್ದ ಹತ್ತಿರ ಬಂದವನು ಸುಮ್ಮನೆ ನಿಂತ. ಅವನಿಗೆ ಹೇಳಿಕೊಟ್ಟಿದ್ದ ಮಾತು ಕೈ ಅದ್ದುವ ಮೊದಲು ಹೇಳುವಂಥದ್ದು, ಅದ್ದಿದ ಮೇಲೆ ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ದಂಡೆಯ ಮೇಲೇ ಐದು ಹನಿ ಹಾಕಿದ. ನೀರು ಹಳದಿಯಲ್ಲಿ ನಿಲ್ಲಲಿಲ್ಲ, ಕೇಸರಿಯಲ್ಲಿಯೂ ನಿಲ್ಲಲಿಲ್ಲ. ಕೊನೆಯ ಬಿಲ್ಲೆಯನ್ನು ದಾಟಿ ಇಟ್ಟಂಗಿಯ ಬಣ್ಣಕ್ಕೆ ಹೋಯಿತು. ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು ಇರಬೇಕಾದ ಔಷಧ ಹತ್ತು ಪಾಲಿಗೂ ಮೇಲಿತ್ತು. ಅವನಿಗೆ ಭಯವಾಯಿತು, ಅದರ ಜೊತೆಯಲ್ಲೇ ಸಣ್ಣದೊಂದು ಖುಷಿಯೂ ಆಯಿತು: ಬಹಳ ದಿನದ ಮೇಲೆ ಒಂದು ನಿಜವಾದ ಬಣ್ಣ ನೋಡಿದ್ದ. ಪಡಸಾಲೆಗೆ ಬಂದು ಸಾವಕಾರರ ಎದುರು ನಿಂತ. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

'ತಪ್ಪು ನಂದು ಐತ್ರಿ ಸಾವಕಾರ್ರ. ಔಷಧ ಕಡಿಮಿ ಆಗಿಲ್ಲ, ಭಾಳ ಆಗೇತಿ. ಕೊಡದಾಗಿನ ನೀರು ನೋಡಿ ಬರದೆ, ಅದು ಸುಳ್ಳು ತೋರಸ್ತಿತ್ತು. ನೀರು ಮೊಣಕೈ ಆಳದಾಗ ತಗೀಬೇಕಂತ ಕಾಗದದಾಗ ಬರದಿತ್ತು. ನಾನs ಓದಿ ಹೇಳಲಿಲ್ಲ.'

'ಯಾಕ ಹೇಳಲಿಲ್ಲ?' ಎಂದು ಕೇಳಿದವಳು ಗುರಲಿಂಗವ್ವ. ಕಣ್ಣು ಮುಚ್ಚಿಕೊಂಡೇ ಮುಖವನ್ನು ಅವನ ಕಡೆ ತಿರುಗಿಸಿದ್ದಳು.

ಅವನು ಹೆದರಿದ್ದ ಆ ಕ್ಷಣ ಬಂದೇಬಿಟ್ಟಿತ್ತು, ಮತ್ತು ಅದು ಅವನು ಅಂದುಕೊಂಡದ್ದಕ್ಕಿಂತ ಉದ್ದವಾಗಿತ್ತು. ಸಾವಕಾರರ ಕಣ್ಣು ಅವನ ತೋಯ್ದ ತೋಳಿನ ಮೇಲೆ ಇತ್ತು, ತೊಟ್ಟಿಕ್ಕಿದ ಹನಿಗಳ ಮೇಲೆ, ಹನಿ ಬಿದ್ದ ನೆಲದ ಮೇಲೆ.

'ಎಂಟು ದಿನ ಔಷಧ ಹಾಕಬ್ಯಾಡ್ರಿ,' ಎಂದ ಪರಮಾನಂದ. 'ಅವ್ವಾರು ಇಳಿಯೂದು ಬ್ಯಾಡ. ಬಿಸಲಿಗೆ ತಾನs ಇಳೀತೈತಿ, ಸುಣ್ಣ ತಳಕ್ಕ ಕುಂದರ್ತೈತಿ. ನೀರು ಚೆಲ್ಲೂ ಗರಜ ಇಲ್ಲ.'

'ಛೆ ಛೆ, ಅನುಮಾನ ಯಾಕ ಇಟ್ಕೋಬೇಕ್ರಿ,' ಎಂದರು ಸಾವಕಾರರು, ಮೃದುವಾಗಿಯೇ. ಅಮಸಿದ್ದನ ಕಡೆ ತಿರುಗಿದರು. 'ಟಾಕಿ ನೀರು ಎಲ್ಲಾ ಬಿಟ್ಟಬಿಡು. ನಿಂಬಿ ಗಿಡಕ್ಕ ಹೋಗದಂಗ ಹಳ್ಳಕ್ಕ ಬಿಡು. ಫರಸಿ ಎಲ್ಲಾ ತಿಕ್ಕಿ ತೊಳದು ಹೊಸಾ ನೀರು ತುಂಬಸು. ಔಷಧ ಭಾಳ ಆಗೇತಂತ ಮಾಸ್ತರ್ರs ಹೇಳ್ಯಾರ.'

ಅವನು ಮರಳಿ ಹೊರಡುವಾಗ ಹಳ್ಳದ ಕಡೆಯ ಕಾಲುವೆಯಲ್ಲಿ ಬಿಳಿ ನೀರು ಆಗಲೇ ಹರಿಯತೊಡಗಿತ್ತು. ಬಾಗೇವಾಡಿಯ ಮನೆಯಲ್ಲಿ ಹೆಂಡತಿ ಸಾವಿತ್ರವ್ವ ಜೋಳದಲ್ಲಿ ಹಳ್ಳು ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಕೇಳಿದಳು: 'ಔಷಧ ಭಾಳ ಆಗಿದ್ದಕ್ಕ ಚೆಲ್ಲಿದರೋ, ನೀವು ಕೈ ಅದ್ದಿದ್ದಕ್ಕೋ?' 'ಔಷಧ ಭಾಳ ಆಗಿತ್ತು,' ಎಂದ ಅವನು. 'ಹಂಗಾದ್ರ ಛಲೋ ಆತು ಬಿಡ್ರಿ,' ಎಂದು ಅವಳು ಮೊರವನ್ನು ಒಮ್ಮೆ ಕೇರಿ ಒಳಗೆ ಹೋದಳು. ಆ ವಾರವಿಡೀ ಅವನು ಇದೇ ಲೆಕ್ಕ ಹಾಕಿದ. ಅಷ್ಟು ಹೆಚ್ಚಾದ ನೀರನ್ನು ಯಾರಾದರೂ ಚೆಲ್ಲುತ್ತಿದ್ದರು. ತಾನೇ ಸಾವಕಾರನಾಗಿದ್ದರೆ, ತನ್ನ ಹೆಂಡತಿಯ ಕಣ್ಣಿನ ಮಾತಾಗಿದ್ದರೆ, ತಾನೂ ಚೆಲ್ಲುತ್ತಿದ್ದ. ಆದರೆ ಅವರು ತೋಳನ್ನು ನೋಡಿದ್ದರು. ಆದರೆ ತೋಯ್ದ ತೋಳನ್ನು ಯಾರಾದರೂ ನೋಡುತ್ತಾರೆ. ಮುಂದಿನ ಭಾನುವಾರ ಹೋಗಿ ಮತ್ತೆ ಕೈ ಅದ್ದುತ್ತೇನೆ, ಆಗ ಏನು ಮಾಡುತ್ತಾರೆ ನೋಡೋಣ ಎಂದು ನಿಶ್ಚಯಿಸಿದ. ಒಂದು ಪರೀಕ್ಷೆಯಿಂದ ಏನನ್ನೂ ಹೇಳಲಾಗದು, ಎರಡು ಬೇಕು.

ಭಾನುವಾರ ಪಡಸಾಲೆಯಲ್ಲಿ ಮೇಜು ಇರಲಿಲ್ಲ, ಕೊಡವೂ ಇರಲಿಲ್ಲ. ಸಾವಕಾರರು ಕೊಳದ ದಂಡೆಯ ಮೇಲೇ ಕುರ್ಚಿ ಹಾಕಿಸಿ ಕಾಯುತ್ತಿದ್ದರು. ನೀರು ತಳದವರೆಗೆ ತಿಳಿಯಾಗಿತ್ತು. ಬಿಳಿ ಫರಸಿಯ ಸಂದುಗಳನ್ನು ಎಣಿಸಬಹುದಿತ್ತು. ನಡುನೀರಿನಲ್ಲಿ ಕಂಬಿ ಹಿಡಿದು ನಿಂತಿದ್ದ ಗುರಲಿಂಗವ್ವ ಅವನನ್ನು ನೋಡಿದಳು, ಕಣ್ಣು ತೆರೆದು ನೋಡಿದಳು. 'ನಿಮ್ಮಿಂದ ನನ್ನ ಕಣ್ಣು ಉಳದ್ವು ಮಾಸ್ತರ್ರ,' ಎಂದಳು. ಅವನಿಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಸುಳ್ಳು ಇರಲಿಲ್ಲ. ತೋಳು ಮಡಚಿಕೊಳ್ಳುತ್ತ ದಂಡೆಗೆ ಹೋದ.

'ತಡೀರಿ, ತಡೀರಿ,' ಎಂದು ಸಾವಕಾರರು ಎದ್ದರು. ಮುಖದಲ್ಲಿ ಹುಡುಗರ ಉತ್ಸಾಹವಿತ್ತು. 'ಅಂಗಿ ಯಾಕ ತೋಯ್ಸಿಕೋತೀರಿ? ನಮ್ಮ ಹತ್ತಿ ಗಿರಣಿ ಫಿಟರ್ ಜೈನುದ್ದೀನಗ ಹೇಳಿ ನಿಮ್ಮ ಸಲುವಾಗಿನs ಮಾಡಿಸೇನಿ ನೋಡ್ರಿ.'

ಅಮಸಿದ್ದ ಎರಡೂ ಕೈಯಲ್ಲಿ ತಂದುಕೊಟ್ಟದ್ದು ಒಂದು ಕೋಲು. ನಾಲ್ಕು ಅಡಿಯ ಬಿದಿರು, ಎಣ್ಣೆ ಹಚ್ಚಿ ನುಣುಪು ಮಾಡಿದ್ದು. ತುದಿಗೆ ತಗಡಿನ ಪಟ್ಟಿಯ ಹಿಡಿ, ಹಿಡಿಯಲ್ಲಿ ಗಾಜಿನ ಬಾಟಲಿ, ಬಾಟಲಿಯ ಬಿರಡೆಗೆ ದಾರ. ಕೋಲನ್ನು ಇಳಿಸಿ ದಾರ ಎಳೆದರೆ ನೀರಿನೊಳಗೇ ಬಿರಡೆ ಕಳಚುತ್ತಿತ್ತು. ಮೊಣಕೈ ಆಳಕ್ಕೆ ಸರಿಯಾಗಿ ಕೆಂಪು ಬಣ್ಣದ ಗೆರೆ ಎಳೆದಿದ್ದರು. ಪರಮಾನಂದ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿದ. ಎಲ್ಲಾದರೂ ತಗಡು ನೀರಿಗೆ ಬೆರೆಯುತ್ತದೆಯೇ, ಬಿರಡೆ ಸೋರುತ್ತದೆಯೇ, ಗೆರೆ ಎರಡು ಬೆರಳು ಹೆಚ್ಚುಕಡಿಮೆ ಇದೆಯೇ? ತನ್ನ ತೋಳನ್ನು ಕೋಲಿನ ಪಕ್ಕ ಇಟ್ಟು ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಕೈ ಅದ್ದುವುದಕ್ಕಿಂತ ಇದೇ ಶುದ್ಧವಾದ ರೀತಿ. ಕೈಯ ಬೆವರು ಸಹ ನೀರಿಗೆ ಸೇರುವುದಿಲ್ಲ. ವಿಜ್ಞಾನದವನಾಗಿ ಇದಕ್ಕೆ ಅವನಲ್ಲಿ ಒಂದೇ ಒಂದು ಆಕ್ಷೇಪವೂ ಇರಲಿಲ್ಲ. ಮೊದಲಾದರೆ ಆ ಸೊನ್ನೆಯಾದರೂ ಅವನ ಕಡೆಯ ಸಾಕ್ಷಿಯಾಗಿತ್ತು, ಇಲ್ಲೇನೋ ತಪ್ಪಿದೆ ಎಂದು ವಾರವಾರ ಹೇಳುತ್ತಿತ್ತು. ಅವನಿಗೆ ಕೋಲನ್ನು ಮೊಣಕಾಲಿಗೆ ಹಚ್ಚಿ ಮುರಿದುಬಿಡಬೇಕು ಎನ್ನಿಸಿತು, ಅಲ್ಲೇ ಕೂತು ಅತ್ತುಬಿಡಬೇಕು ಎನ್ನಿಸಿತು. ನೀರಿನಿಂದ ಗುರಲಿಂಗವ್ವ ಅವನನ್ನೇ ನೋಡುತ್ತಿದ್ದಳು, ಆಮೇಲೆ ಗಂಡನನ್ನು ನೋಡಿದಳು, ಆಮೇಲೆ ನೀರನ್ನು ನೋಡಿದಳು.

ಅವನು ಕೋಲನ್ನು ಕೆಂಪು ಗೆರೆಯವರೆಗೆ ಇಳಿಸಿ ದಾರ ಎಳೆದ. ಬಾಟಲಿ ತುಂಬಿತು. ಐದು ಹನಿ ಬಿದ್ದವು. ತಿಳಿ ಹಳದಿ, ಮೂರನೆಯ ಬಿಲ್ಲೆಗೆ ಸರಿಯಾಗಿ ಕೂತಿತು. ವಹಿಯಲ್ಲಿ ಒಂದು ಎಂದು ಬರೆದ.

'ಈಗ ಬರೊಬ್ಬರಿ ಐತಲ್ರಿ ಮಾಸ್ತರ?' ಎಂದು ಸಾವಕಾರರು ಕೇಳಿದರು.

'ಬರೊಬ್ಬರಿ ಐತ್ರಿ,' ಎಂದ ಪರಮಾನಂದ.